ಗೋವಾಕ್ಕೆ ದಂಡು ಹೋದ ವರ್ಷ

ಡಿಸೆಂಬರ್ 19 ಬಂತೆಂದರೆ ಪೇಪರಿನ ಒಂದು ಮೂಲೆಯಲ್ಲಿ ಗೋವಾ ವಿಮೋಚನೆಯ ಸುದ್ದಿ ಇರುತ್ತದೆ. ನಮ್ಮ ಮನೆತನಕ್ಕೆ ಅದು ಅಣ್ಣನ ಕಣ್ಣು ಹೋದ ದಿನ. ಧಾರವಾಡದ ಚಳಿಗೆ ಮೊಮ್ಮಕ್ಕಳು ಹಿತ್ತಲಲ್ಲಿ ಬೆಂಕಿ ಹಾಕಿ ಸುತ್ತ ಕೂತಾಗ ‘ಆಯೀ, ಆ ಮಿಲ್ಟ್ರಿ ರೈಲಿನ ಕಥಿ ಹೇಳು’ ಎಂದು ಗಂಟು ಬೀಳುತ್ತಾರೆ. ಎಷ್ಟೋ ಸಲ ಹೇಳಿದ್ದೇನೆ. ಬರೆದಿಟ್ಟಿರಲಿಲ್ಲ.

ನಮ್ಮದು ಹುಬ್ಬಳ್ಳಿ. ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ನನಗೆ ಹತ್ತು ತುಂಬಿದ ವರ್ಷ ಅಪ್ಪನಿಗೆ ಕ್ಯಾಸಲ್ ರಾಕ್‌ಗೆ ವರ್ಗವಾಯಿತು. ಹುಬ್ಬಳ್ಳಿಯಿಂದ ಲೋಂಡಾ, ಲೋಂಡಾದಿಂದ ತಿನೈಘಾಟ್, ಅದನ್ನು ದಾಟಿದರೆ ಕ್ಯಾಸಲ್ ರಾಕ್. ಅಲ್ಲಿಗೆ ನಮ್ಮ ದೇಶ ಮುಗಿಯುತ್ತಿತ್ತು. ಘಟ್ಟದ ಕೆಳಗೆ ಪೋರ್ಚುಗೀಸರ ರಾಜ್ಯ. 1888ರಲ್ಲಿ ಮುರಗಾವ್ ಬಂದರಿಗೆಂದು ಹಾಕಿದ ಮೀಟರ್ ಗೇಜ್ ಹಳಿ ದೂಧಸಾಗರದ ಮುಂದೆ ಹಾದು ಕೆಳಗಿಳಿಯುತ್ತಿತ್ತು. ಆದರೆ 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಮೇಲೆ ಗಡಿ ಮುಚ್ಚಿಹೋಗಿತ್ತು. ನಾವು ಹೋದಾಗ ಸ್ಟೇಷನ್ನಿನಿಂದ ಆಚೆಯ ಹಳಿಗಳಿಗೆ ತುಕ್ಕು ಹಿಡಿದಿತ್ತು. ಮಳೆಗಾಲದಲ್ಲಿ ಅವುಗಳ ನಡುವೆ ಮೊಣಕಾಲುದ್ದ ಹುಲ್ಲು ಬೆಳೆಯುತ್ತಿತ್ತು. ಅಣ್ಣನೂ ನಾನೂ ಆ ಹಳಿಯ ಮೇಲೆ ತೋಲು ತಪ್ಪದೆ ನಡೆಯುವ ಪಂದ್ಯ ಕಟ್ಟುತ್ತಿದ್ದೆವು. ಯಾವಾಗಲೂ ಅವನದೇ ಗೆಲುವು.

ಅವನಿಗೆ ಆಗ ಹದಿನೈದು. ಕೂಸಿದ್ದಾಗ ಸಿಡುಬು ಬಂದು ಎಡಗಣ್ಣಿನಲ್ಲಿ ಹೂ ಬಿದ್ದು ದೃಷ್ಟಿ ಹೋಗಿತ್ತು. ಆ ಕಾಲದಲ್ಲಿ ಓಣಿಗೆ ಒಬ್ಬರಾದರೂ ಅಂಥವರು ಇರುತ್ತಿದ್ದರು. ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಬಲಗಣ್ಣು ಮಾತ್ರ ಎಷ್ಟು ಚುರುಕೆಂದರೆ ಸಿಗ್ನಲ್ಲಿನ ಕೈ ಬಿದ್ದದ್ದನ್ನು ಅಪ್ಪನಿಗಿಂತ ಮೊದಲು ಅವನೇ ಕಂಡು ಹೇಳುತ್ತಿದ್ದ.

1961ರ ಡಿಸೆಂಬರ್ ಹುಟ್ಟುತ್ತಲೇ ಊರಿನ ಚಹರೆ ಬದಲಾಯಿತು. ಬೆಳಗಾವಿಯ ಕಡೆಯಿಂದ ದಂಡು ಬರತೊಡಗಿತು. ರೈಲಿನಲ್ಲಿ ಸೈನಿಕರು, ಲಾರಿಗಳಲ್ಲಿ ಸೈನಿಕರು, ಹೊದಿಕೆ ಹಾಕಿದ ತೋಪುಗಳು. ದೊಡ್ಡವರ ಮಾತಿನಲ್ಲಿ ನಾವು ಕೇಳಿದ್ದು ಇಷ್ಟೇ: ಅನಮೋಡ ಘಟ್ಟದಿಂದ ದಂಡು ಕೆಳಗಿಳಿಯುತ್ತದೆ. ಮುಂದೆ ದೊಡ್ಡವಳಾಗಿ ಓದಿದಾಗ ತಿಳಿಯಿತು, 17ನೇ ಡಿವಿಜನ್ನಿನ 63ನೇ ಬ್ರಿಗೇಡು ಆ ದಾರಿಯಿಂದ ಮೊಲೆಂ ಮೂಲಕ ಫೋಂಡಾಕ್ಕೆ ಹೋಯಿತಂತೆ. ಬಿಹಾರ ರೆಜಿಮೆಂಟಿನವರು, ಸಿಖ್ಖರು. ನನಗೆ ನೆನಪಿರುವುದು ಅವರ ಬೂಟಿನ ಸದ್ದು, ದೊಡ್ಡ ಹಂಡೆಗಳಲ್ಲಿ ಕುದಿಯುತ್ತಿದ್ದ ಬೇಳೆಯ ವಾಸನೆ. ಅಪ್ಪ ಮನೆಗೆ ಬರುವುದೇ ಅಪರೂಪವಾಯಿತು. ಯಾವ ಗಾಡಿ ಯಾವಾಗ ಬರುತ್ತದೆ, ಯಾವಾಗ ಹೊರಡುತ್ತದೆ ಎಂಬುದು ಸ್ಟೇಷನ್ ಮಾಸ್ತರರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ.

ಅದೇ ವಾರ ಪಕ್ಕದ ಹಳ್ಳಿಯ ಕಣದಲ್ಲಿ ಭತ್ತ ತೂರುತ್ತಿದ್ದರು. ಅಣ್ಣ ಹೋಗಿ ಕೈ ಹಚ್ಚಿದ. ಗಾಳಿ ತಿರುಗಿ ಹೊಟ್ಟು ಅವನ ಬಲಗಣ್ಣಿಗೆ ಬಡಿಯಿತು.

ಕಣ್ಣಿಗೆ ಕಸ ಬಿದ್ದರೆ ಯಾರು ದವಾಖಾನೆಗೆ ಓಡುತ್ತಾರೆ? ಸೆರಗು ಸುತ್ತಿ ಬಾಯಿಂದ ಬಿಸಿ ಊದಿ ಶಾಖ ಕೊಟ್ಟರು. ಮಾರನೇ ದಿನ ಕಣ್ಣು ಕೆಂಡದಂತಾಯಿತು. ಪಕ್ಕದ ಮನೆಯ ಮುದುಕಿ ನಂದಿಬಟ್ಟಲ ಹೂವು ಜಜ್ಜಿ ರಸ ಹಿಂಡಿದಳು. ‘ಕಣ್ಣ ತಂಪ ಆಗತೈತಿ, ಸುಮ್ನಿರವ್ವಾ’ ಎಂದಳು. ತಮ್ಮ ಇನ್ನೂ ಮೊಲೆಗೂಸು. ಅವ್ವ ತನ್ನ ಎದೆಹಾಲನ್ನೂ ಹನಿ ಹನಿಯಾಗಿ ಬಿಟ್ಟಳು. ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಟ್ಟು ಕರಿಗುಡ್ಡೆಯನ್ನು ಗೀರಿತ್ತು. ಬೆಳೆಯ ಕಸದ ಜೊತೆ ಬೂಸು, ಅಂದರೆ ಫಂಗಸ್, ಆ ಗೀರಿನೊಳಗೆ ಇಳಿಯುತ್ತದೆ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ, ರಕ್ತನಾಳವಿಲ್ಲ, ಹಾಗಾಗಿ ಹುಣ್ಣಾದರೆ ಬೇಗ ಮಾಯುವುದಿಲ್ಲ. ಮೇಲೆ ಹಿಂಡಿದ ರಸ, ಹಾಲು ಆ ಹುಣ್ಣಿಗೆ ಮತ್ತಷ್ಟು ನಂಜು ಸೇರಿಸುತ್ತವೆ. ಇದನ್ನೆಲ್ಲ ನಮಗೆ ಹೇಳುವವರು ಯಾರಿದ್ದರು?

ಕರಿಗುಡ್ಡೆಯ ನಡುವೆ ಜೋಳದ ನುಚ್ಚಿನಷ್ಟು ಬಿಳಿ ಚುಕ್ಕೆ ಕಂಡಿತು. ದಿನ ಹೋದಂತೆ ಅದು ಹರಡಿತು. ಅಣ್ಣ ಕತ್ತಲ ಮೂಲೆ ಹಿಡಿದು ಕೂತ. ಬಾಗಿಲು ತೆರೆದರೆ ಬೆಳಕು ಚುಚ್ಚಿ ಚೀರುತ್ತಿದ್ದ.

‘ಏನ ಕಾಣತೈತೋ?’ ಎಂದು ಅಪ್ಪ ಕೇಳಿದರೆ ‘ಎಲ್ಲಾ ಮಂಜ ಮಂಜ’ ಎಂದ.

ಅಪ್ಪನಿಗೆ ಹೊರಡಲು ಆಗುವಂತಿರಲಿಲ್ಲ. ಆಗುವಂತಿದ್ದರೂ ಹತ್ತಲು ನಂಬಿಕೆಯ ಗಾಡಿ ಇರಲಿಲ್ಲ. ಕೊನೆಗೆ 17ನೇ ತಾರೀಖು ಸಂಜೆ, ಸ್ಟೇಷನ್ ಬಳಿ ಡೇರೆ ಹಾಕಿದ್ದ ದಂಡಿನ ಡಾಕ್ಟರ ಹತ್ತಿರ ಅವನನ್ನು ಕರೆದೊಯ್ದರು. ನಾನೂ ಬೆನ್ನು ಹತ್ತಿದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಕನ್ನಡ ಬಾರದು. ಒಂದು ಡಬ್ಬಿಯ ಮೇಲೆ ಅಣ್ಣನನ್ನು ಕೂಡಿಸಿ ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು. ಹೊರಗೆ ಅವರ ಮಂದಿ ರಾತ್ರಿ ಹೊರಡುವ ಗಡಿಬಿಡಿಯಲ್ಲಿದ್ದರು. ಮುಂಜಾನೆ ಅವರಲ್ಲಿ ಯಾರು ಗಾಯಗೊಂಡು ತಮ್ಮ ಕೈಗೆ ಬರುತ್ತಾರೋ ಎಂಬ ಯೋಚನೆ ಆ ಮನುಷ್ಯನಿಗೆ ಇದ್ದೇ ಇತ್ತು. ಆದರೂ ಕಣ್ಣು ತೊಳೆದು, ಔಷಧಿ ಬಿಟ್ಟು, ಹತ್ತಿ ಇಟ್ಟು ಪಟ್ಟಿ ಕಟ್ಟಿದರು. ಒಂದು ಚೀಟಿ ಬರೆದು ಅಪ್ಪನ ಕೈಗೆ ಕೊಟ್ಟು ‘ಆಜ್ ಹೀ’ ಎಂದರು. ಇವತ್ತೇ. ಹಿಂತಿರುಗುತ್ತಿದ್ದ ಖಾಲಿ ಮಿಲಿಟರಿ ಗಾಡಿಯ ಗಾರ್ಡ್ ಡಬ್ಬಿಯಲ್ಲಿ ನಮ್ಮಿಬ್ಬರನ್ನು ಹತ್ತಿಸಲು ಮಾತಾಡಿದವರೂ ಅವರೇ. ಅವರ ಹೆಸರು ಕೇಳುವ ಬುದ್ಧಿ ನಮಗಾರಿಗೂ ಬರಲಿಲ್ಲ. ಯುದ್ಧದ ಹಿಂದಿನ ರಾತ್ರಿ ಒಬ್ಬ ಪಾಯಿಂಟ್ಸ್‌ಮನ್ ಮಗನಿಗೆ ಅಷ್ಟು ಹೊತ್ತು ಕೊಟ್ಟ ಆ ಡಾಕ್ಟರನ್ನು ನಾನು ಇಂದಿಗೂ ನೆನೆಯುತ್ತೇನೆ.

ಗಾರ್ಡ್ ಅಪ್ಪನ ಗೆಳೆಯ. ಲೋಂಡಾದಲ್ಲಿ ಇಳಿಸಿ, ಹುಬ್ಬಳ್ಳಿ ಗಾಡಿ ಬಂದಾಗ ಹತ್ತಿಸುತ್ತೇನೆಂದ. ಹುಬ್ಬಳ್ಳಿಯಲ್ಲಿ ಸೋದರಮಾವ ಕಾಯುತ್ತಿರಲಿ ಎಂದು ತಂತಿಯಲ್ಲಿ ಸುದ್ದಿ ಹೋಯಿತು.

ಲೋಂಡಾ ಪ್ಲಾಟ್‌ಫಾರ್ಮು ಅಣ್ಣನಿಗೆ ಅಂಗೈ ಗೆರೆಯಷ್ಟು ಪರಿಚಿತ. ನಳ ಎಲ್ಲಿ, ಕಲ್ಲು ಬೆಂಚು ಎಲ್ಲಿ, ಚಹಾದಂಗಡಿ ಎಲ್ಲಿ, ಎಲ್ಲ ಬಲ್ಲ. ‘ನೀರ ಕುಡದು ಬರ್ತೀನಿ, ನೀ ಗಂಟ ಕಾಯಿ’ ಎಂದು ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಧೈರ್ಯವಾಗಿ ಹೊರಟ. ಎರಡು ಹೆಜ್ಜೆ ಇಡುವುದರಲ್ಲಿ ಒಂದು ಮರದ ಪೆಟ್ಟಿಗೆಗೆ ಮೊಣಕಾಲು ಬಡಿಯಿತು. ಅದನ್ನು ಬಳಸಿದರೆ ಕಂಬಳಿ ಹೊದ್ದು ಮಲಗಿದ ಸೈನಿಕನ ಕಾಲು. ಮುಗ್ಗರಿಸಿ ಡೇರೆಗಳ ಬಿದಿರಿನ ಕಟ್ಟಿನ ಮೇಲೆ ಬಿದ್ದ. ಮಲಗಿದವರು ಎದ್ದು ಯಾವುದೋ ಭಾಷೆಯಲ್ಲಿ ಕೂಗಿದರು. ನಾನು ಓಡಿಹೋಗಿ ಕೈ ಹಿಡಿದೆ. ಅವನ ಕೈ ನಡುಗುತ್ತಿತ್ತು.

‘ತಂಗೀ, ಇಲ್ಲಿ ಎಲ್ಲಾ ಸಾಮಾನ ಜಾಗಾ ಬದಲಿ ಮಾಡ್ಯಾರಲ್ಲ’ ಎಂದ.

ಒಬ್ಬ ಸರ್ದಾರ್ಜಿ ಎದ್ದು ನಮ್ಮನ್ನು ತನ್ನ ಪೆಟ್ಟಿಗೆಯ ಮೇಲೆ ಕೂಡಿಸಿದ. ತಗಡಿನ ಮಗ್ಗಿನಲ್ಲಿ ಚಹಾ ಕೊಟ್ಟ. ಅಣ್ಣ ಚಹಾ ಕುಡಿಯದೆ ಮಗ್ಗನ್ನು ಕೆನ್ನೆಗೆ ಒತ್ತಿಕೊಂಡು ಕೂತ. ನೋವು ಅಷ್ಟಿತ್ತು. ಹಲ್ಲು ಕಚ್ಚಿ ನರಳುತ್ತಿದ್ದ. ಗಾಡಿ ಬರಲಿಲ್ಲ. ಬಂದವೆಲ್ಲ ಆ ಕಡೆ, ಗೋವಾದ ಕಡೆ ಹೋಗುವವು.

ನಸುಕಿನ ಹೊತ್ತು. ಅಣ್ಣ ಒಮ್ಮೆಲೇ ‘ಹಾ’ ಎಂದು ಉಸಿರು ಬಿಟ್ಟ. ಪಟ್ಟಿಯ ಕೆಳಗಿನಿಂದ ಬೆಚ್ಚನೆಯ ನೀರು ಗಲ್ಲದ ಮೇಲೆ ಹರಿಯಿತು. ನನ್ನ ಲಂಗದ ಅಂಚಿನಿಂದ ಒರೆಸಿದೆ.

‘ಬ್ಯಾನಿ ಕಡಿಮಿ ಆತು ತಂಗೀ’ ಎಂದ. ‘ಪೂರಾ ಕಡಿಮಿ ಆತು.’

ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಸರ್ದಾರ್ಜಿಗೆ ಕೈಸನ್ನೆ ಮಾಡಿ ತೋರಿಸಿದೆ, ಅಣ್ಣನಿಗೆ ಆರಾಮಾಯಿತು ಎಂದು. ಅವನೂ ನಕ್ಕ. ಅಣ್ಣ ನನ್ನ ತೊಡೆಯ ಮೇಲೆ ತಲೆಯಿಟ್ಟು ವಾರದಲ್ಲಿ ಮೊದಲ ಬಾರಿಗೆ ಗಾಢ ನಿದ್ದೆ ಹೋದ. ಕರಿಗುಡ್ಡೆ ತೂತುಬಿದ್ದು ಒಳಗಿನ ನೀರು ಹೊರಗೆ ಹರಿದಾಗ ಒತ್ತಡ ಇಳಿದು ನೋವು ನಿಲ್ಲುತ್ತದೆ. ಹುಬ್ಬಳ್ಳಿಯ ಡಾಕ್ಟರು ಮಾವನಿಗೆ ಅದನ್ನು ಬಿಡಿಸಿ ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಆ ನಸುಕಿನಲ್ಲೇ, 18ರಂದು, ದಂಡು ಗಡಿ ದಾಟಿತು. ಬೆಳಗಾವಿಯ ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳು ಬಾಂಬೋಳಿಯ ವೈರ್‌ಲೆಸ್ ಠಾಣೆಯನ್ನು ಹೊಡೆದವು. ಪುಣೆಯಿಂದ ಬಂದ ಕ್ಯಾನ್‌ಬೆರಾಗಳು ದಾಬೋಳಿಯ ರನ್‌ವೇ ಮೇಲೆ ಬಾಂಬು ಹಾಕಿದವು. ಕೊನೆಗೂ ಬಂದ ಹುಬ್ಬಳ್ಳಿ ಗಾಡಿ ಹತ್ತಿ ನಾವು ಆ ಹೊತ್ತಿಗೆ ಅಳ್ನಾವರ ದಾಟಿ ಧಾರವಾಡದ ಕಡೆ ಹೊರಟಿದ್ದೆವು. ಅಣ್ಣನಿಗೆ ಹಸಿವಾಗಿತ್ತು.

ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾಗಿ ಇನ್ನೂ ನಾಲ್ಕೇ ವರ್ಷವಾಗಿತ್ತು. ಕಣ್ಣಿಗೆಂದು ಮಂದಿ ಮಿರಜ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದ ಕಾಲ. ಮಾವ ನಮ್ಮನ್ನು ಊರಲ್ಲಿನ ದವಾಖಾನೆಗೇ ಒಯ್ದ. 19ರ ಬೆಳಿಗ್ಗೆ ದೊಡ್ಡ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಮಾವನನ್ನು ವರಾಂಡಕ್ಕೆ ಕರೆದರು. ಈ ಕಣ್ಣು ಮುಗಿಯಿತು ಎಂದರು. ಒಂದು ವಾರ ಮೊದಲು ಬಂದಿದ್ದರೆ ಉಳಿಯುತ್ತಿತ್ತೇ? ಖಾತ್ರಿಯಿಂದ ಹೇಳಲಾರೆ. ಬೂಸಿನ ಹುಣ್ಣಿಗೆ ಆಗ ಕಣ್ಣಿಗೆ ಬಿಡುವ ಸರಿಯಾದ ಔಷಧಿಯೇ ನಮ್ಮ ಕಡೆ ಇರಲಿಲ್ಲ. ಆದರೆ ತೂತು ಬೀಳುವುದು ತಪ್ಪಬಹುದಿತ್ತು. ಕಲೆಯಾಗಿ ಉಳಿದು ಅರೆಬರೆಯಾದರೂ ಕಾಣಬಹುದಿತ್ತು.

ಅದೇ ಸಂಜೆ ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾಗತಿಗೆ ರುಜು ಹಾಕಿದ. 451 ವರ್ಷದ ಆಳ್ವಿಕೆ ಮುಗಿಯಿತು. ದವಾಖಾನೆಯ ಎದುರಿನ ಹೋಟೆಲ್ಲಿನಲ್ಲಿ ರೇಡಿಯೊ ಕೂಗಿ ಕೂಗಿ ಹೇಳುತ್ತಿತ್ತು. ಮಂದಿ ಬೀದಿಗೆ ಬಂದು ಜೈಕಾರ ಹಾಕಿದರು. ವಾರ್ಡಿನಲ್ಲಿ ಯಾರೋ ಪುಣ್ಯಾತ್ಮರು ಧಾರವಾಡ ಪೇಢೆ ಹಂಚಿಕೊಂಡು ಬಂದರು. ಅಣ್ಣನ ಅಂಗೈಯಲ್ಲೂ ಒಂದು ಇಟ್ಟರು. ಅವನಿಗೆ ಆ ತನಕ ಯಾರೂ ನಿಜ ಹೇಳಿರಲಿಲ್ಲ. ‘ನಮ್ಮ ಮಂದಿ ಗೆದ್ರೇನು?’ ಎಂದು ಮುಖವರಳಿಸಿ ಕೇಳಿದ, ಪೇಢೆ ಅರ್ಧ ಮುರಿದು ನನ್ನ ಕಡೆ ಚಾಚಿದ. ಚಾಚಿದ್ದು ನಾನಿದ್ದ ಕಡೆಯಲ್ಲ. ನಾನು ಸರಿದು ಹೋಗಿ ಅದನ್ನು ತೆಗೆದುಕೊಂಡೆ.

ಗೋವಾ ಬಿಡುಗಡೆಯಾದದ್ದು ನ್ಯಾಯ. ಅದಕ್ಕಾಗಿ ಜೈಲು ಕಂಡವರು, ಗುಂಡಿಗೆ ಎದೆಕೊಟ್ಟವರು ನೂರಾರು ಮಂದಿ. ಅಣ್ಣ ಕೂಡ ಸಾಯುವ ತನಕ ಅದು ಆಗಬಾರದಿತ್ತು ಎಂದವನಲ್ಲ. ಆ ಎರಡು ದಿನಗಳಲ್ಲಿ ನಮ್ಮ ಕಡೆ 22 ಮಂದಿ, ಪೋರ್ಚುಗೀಸರ ಕಡೆ 30 ಮಂದಿ ಸತ್ತರೆಂದು ಪುಸ್ತಕಗಳಲ್ಲಿದೆ. ಗಾಯಾಳುಗಳ ಲೆಕ್ಕವೂ ಇದೆ. ಗುಂಡು ತಾಕದೆ, ಬಾಂಬು ಬೀಳದೆ, ಬರೀ ದಾರಿ ಕಟ್ಟಿದ್ದರಿಂದ ಹೋದ ಕಣ್ಣು ಯಾವ ಯುದ್ಧದ ಲೆಕ್ಕದಲ್ಲೂ ಬರುವುದಿಲ್ಲ. ಅದನ್ನು ಬರೆಯಬೇಕಾದವರು ಮನೆಯವರೇ.

ಮುಂದಿನ ವರ್ಷ ಅಣ್ಣನನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬಿಟ್ಟರು. ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನು ನಡೆಸುತ್ತಿದ್ದರು. ಗುರು ಶಿಷ್ಯ ಇಬ್ಬರೂ ಕಣ್ಣಿಲ್ಲದವರು. ಊಟ, ವಸತಿ, ವಿದ್ಯೆ ಎಲ್ಲ ಪುಕ್ಕಟೆ. ನಮ್ಮ ಸೀಮೆಯ ಬಡ ಕುರುಡು ಮಕ್ಕಳಿಗೆ ಅಂಥ ಇನ್ನೊಂದು ಬಾಗಿಲು ಇದ್ದದ್ದು ಆಗ ನಮಗೆ ಗೊತ್ತಿರಲಿಲ್ಲ. ಅಣ್ಣನಿಗೆ ಸಂಗೀತ ಒಲಿಯಲಿಲ್ಲ. ಹುಟ್ಟಿನಿಂದಲೇ ಕಣ್ಣಿಲ್ಲದ ಏಳೆಂಟು ವರ್ಷದ ಹುಡುಗರು ಅಂಗಳದಲ್ಲಿ ಓಡಾಡಿಕೊಂಡಿದ್ದರೆ ಹದಿನಾರರ ಇವನು ಗೋಡೆ ಸವರುತ್ತ ಹೆಜ್ಜೆ ಎಣಿಸುತ್ತಿದ್ದ. ಕಂಡದ್ದನ್ನು ಕಳೆದುಕೊಂಡವನಿಗೆ ಕಲಿಕೆ ಕಷ್ಟ. ಮೊದಲು ಮರೆಯಬೇಕು, ಆಮೇಲೆ ಕಲಿಯಬೇಕು.

ಬ್ರೈಲ್ ಮಾತ್ರ ಅವನ ಕೈಗೆ ಹತ್ತಿತು. ಆರು ಚುಕ್ಕಿಗಳ ಆಟ. ಕನ್ನಡದ ‘ಅ’ ಅಂದರೆ ಒಂದೇ ಚುಕ್ಕಿ. ದಪ್ಪ ಕಾಗದವನ್ನು ತಗಡಿನ ಸ್ಲೇಟಿನಲ್ಲಿ ಸಿಕ್ಕಿಸಿ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು, ತಿರುವಿ ಹಾಕಿ ಎಡದಿಂದ ಬಲಕ್ಕೆ ಓದಬೇಕು. ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮದ ಭಾರತಿ ಬ್ರೈಲ್ ನಿಗದಿಯಾದದ್ದು 1951ರಲ್ಲಿ. ಅದಕ್ಕೆ ಕಷ್ಟಪಟ್ಟವರಲ್ಲಿ ಒಬ್ಬರು ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ. 1915ರಲ್ಲಿ ಗಲಿಪೊಲಿಯ ಯುದ್ಧದಲ್ಲಿ ಎರಡೂ ಕಣ್ಣು ಕಳೆದುಕೊಂಡಾಗ ಅವರಿಗೆ ಇಪ್ಪತ್ತು ವರ್ಷ. ಎರಡನೇ ಮಹಾಯುದ್ಧದಲ್ಲಿ ಕುರುಡಾದ ನಮ್ಮ ಸೈನಿಕರಿಗಾಗಿ ಡೆಹ್ರಾಡೂನಿನಲ್ಲಿ ತೆರೆದ ಆಸರೆಯನ್ನು ನಡೆಸಲು ಅವರು ಇಲ್ಲಿಗೆ ಬಂದರು. ಆ ಲಿಪಿಯನ್ನು ಕಂಡುಹಿಡಿದ ಲೂಯಿ ಬ್ರೈಲನ ಕಥೆಯಲ್ಲೂ ಯುದ್ಧವಿದೆ. 1809ರಲ್ಲಿ ಹುಟ್ಟಿ, ಮೂರನೇ ವರ್ಷಕ್ಕೆ ಅಪ್ಪನ ಚರ್ಮದ ಕೆಲಸದ ದಬ್ಬಳ ಚುಚ್ಚಿ ಒಂದು ಕಣ್ಣು ಹೋಗಿ, ನಂಜು ಏರಿ ಇನ್ನೊಂದೂ ಹೋಯಿತು. ಐದು ವರ್ಷದ ಮಗು ಮನೆಯೊಳಗೆ ತಡವರಿಸಿ ದಾರಿ ಕಲಿಯುತ್ತಿರುವಾಗ, 1814ರಲ್ಲಿ, ನೆಪೋಲಿಯನ್ ಸೋತು ಕುಪ್ವ್ರೆ ಎಂಬ ಆ ಹಳ್ಳಿಗೆ ಪರದೇಶದ ಸೈನಿಕರು ಬಂದು ಮನೆಮನೆಯಲ್ಲಿ ಬಿಡಾರ ಹೂಡಿದರು. ಬ್ರೈಲನ ಮನೆಯಲ್ಲೂ. ಈ ಸಂಗತಿಯನ್ನು ಅಣ್ಣನಿಗೆ ಓದಿ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ‘ಆ ಕೂಸಿನ ಮನ್ಯಾಗೂ ಸಾಮಾನ ಜಾಗಾ ಬದಲಾಗಿರಬೇಕು’ ಎಂದ.

ಅಣ್ಣ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿತು ಹುಬ್ಬಳ್ಳಿಯಲ್ಲಿ ನಿವೃತ್ತಿಯ ತನಕ ಅದೇ ಕೆಲಸದಲ್ಲಿದ್ದ. ಬೆತ್ತದ ಸೀಳು ಎಳೆದೆಳೆದು ಬೆರಳ ತುದಿ ಗಟ್ಟಿಯಾದರೆ ಬ್ರೈಲ್ ಚುಕ್ಕಿ ತಿಳಿಯುವುದಿಲ್ಲ. ಅದಕ್ಕೇ ಎಡಗೈ ತೋರುಬೆರಳಿಗೆ ಹಳೆ ಧೋತರದ ಚೂರು ಸುತ್ತಿಕೊಂಡೇ ಹೆಣೆಯುತ್ತಿದ್ದ. ಸಂಜೆ ಮನೆಗೆ ಬಂದು ಆ ಬಟ್ಟೆ ಬಿಚ್ಚಿ, ಬೆರಳಿಗೆ ತುಪ್ಪ ಸವರಿಕೊಂಡು, ಪುಸ್ತಕ ತೆಗೆದು ಕೂಡುತ್ತಿದ್ದ. ಆ ಒಂದು ಬೆರಳನ್ನು ಅವನು ನಲವತ್ತು ವರ್ಷ ಕಾಪಾಡಿದ.

2022ರ ಮಾರ್ಚ್ 1ರಂದು ಯುದ್ಧಕ್ಕೆ ಸಿಕ್ಕ ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ ನವೀನ ಶೇಖರಪ್ಪ ಗ್ಯಾನಗೌಡರ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂತು. ಮೆಡಿಕಲ್ ಓದಲು ಹೋದವನು, ಊಟದ ಸಾಮಾನು ತರಲು ನೆಲಮಾಳಿಗೆಯಿಂದ ಹೊರಬಿದ್ದಿದ್ದ. ರೇಡಿಯೊ ಮುಂದೆ ಕೂತಿದ್ದ ಅಣ್ಣ ಕಣ್ಣೀರಿಟ್ಟ. ಅವನ ಒಂದೂ ಕಣ್ಣು ಕಾಣದು, ಆದರೆ ನೀರು ಬರುತ್ತಿತ್ತು.

‘ಆ ಊರಾಗ ಕಣ್ಣಿಲ್ಲದ ಹುಡುಗ್ರೂ ಇರತಾರಲ್ಲ ತಂಗೀ. ಸೈರನ್ ಕೇಳಸತೈತಿ, ಖರೆ. ಓಡೂದು ಎತ್ತಾಗ? ನಿನ್ನೆ ಇದ್ದ ಗ್ವಾಡಿ ಇವತ್ತ ಇರೂದಿಲ್ಲ. ಹೆಜ್ಜಿ ಎಣಿಸಿ ಏನ ಉಪಯೋಗ?’

ಕಣ್ಣಿದ್ದವರಿಗೆ ಯುದ್ಧವೆಂದರೆ ಬೆಂಕಿ, ಹೊಗೆ, ಕುಸಿದ ಕಟ್ಟಡಗಳ ಫೋಟೊ. ಕಣ್ಣಿಲ್ಲದವರು ಊರನ್ನು ಕಾಲಿನಲ್ಲಿ, ಕೋಲಿನಲ್ಲಿ, ಮೂಲೆಯಂಗಡಿಯ ವಾಸನೆಯಲ್ಲಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಒಂದು ರಾತ್ರಿಯ ದಾಳಿಗೆ ಆ ಪಾಠವೆಲ್ಲ ಅಳಿಸಿಹೋಗುತ್ತದೆ. ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಅದನ್ನು ಮತ್ತೆ ಮೊದಲಿನಿಂದ ಕಲಿಯುವುದು, ಅದೂ ತೋರಿಸಿಕೊಡುವ ತಾಯಿಯೋ ತಂಗಿಯೋ ಉಳಿದಿದ್ದಾರೋ ಇಲ್ಲವೋ ತಿಳಿಯದೆ. ಅಣ್ಣ ಲೋಂಡಾದಲ್ಲಿ ಬಿದ್ದದ್ದು ಒಂದು ರಾತ್ರಿ. ಯುದ್ಧದ ಊರುಗಳ ಕಣ್ಣಿಲ್ಲದ ಮಕ್ಕಳು ದಿನವೂ ಬೀಳುತ್ತಾರೆ.

ಕಣ್ಣಿಲ್ಲದವರ ಈ ಸಂಕಟ ಬಲ್ಲವನಾದ್ದರಿಂದ, ನಮ್ಮವ್ವ ತೀರಿಕೊಂಡಾಗ ಅವಳ ಕಣ್ಣು ದಾನ ಕೊಡಬೇಕೆಂದು ಹಟ ಹಿಡಿದವನು ಅಣ್ಣನೇ. ಬಂಧುಗಳು ಗೊಣಗಿದರು, ಮುಂದಿನ ಜನ್ಮದಲ್ಲಿ ಕುರುಡಿಯಾಗಿ ಹುಟ್ಟುತ್ತಾಳೆಂದರು. ‘ಈ ಜನ್ಮದಾಗ ಕುರುಡ ಇದ್ದಾಂವ ನಾ ಹೇಳಾಕತ್ತೀನಿ, ಫೋನ್ ಹಚ್ಚರಿ’ ಎಂದ. ಹುಬ್ಬಳ್ಳಿಯಿಂದ ಕಣ್ಣಿನ ಆಸ್ಪತ್ರೆಯವರು ಬಂದು ಅರ್ಧ ತಾಸಿನೊಳಗೆ ಕೆಲಸ ಮುಗಿಸಿ ಹೋದರು. ಅವ್ವನ ಮುಖ ಮಲಗಿದ್ದಂತೆಯೇ ಇತ್ತು. ಡಾ. ರಾಜ್‌ಕುಮಾರ್ 2006ರಲ್ಲಿ ಕಣ್ಣು ಕೊಟ್ಟು ಹೋದರು. 2021ರಲ್ಲಿ ಅವರ ಮಗ ಪುನೀತ್ ಕೊಟ್ಟ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಹುಣ್ಣಾಗಿ ಕರಿಗುಡ್ಡೆ ಬೆಳ್ಳಗಾದ ನಮ್ಮ ಹಳ್ಳಿಯ ಹುಡುಗರಿಗೆ ಬೇರೆ ಔಷಧಿಯಿಲ್ಲ, ಸತ್ತವರ ಕಾರ್ನಿಯಾ ಒಂದೇ ದಾರಿ.

ಇದನ್ನು ಓದಿದವರಲ್ಲಿ ನನ್ನದೊಂದು ಕೋರಿಕೆ. ಸುಗ್ಗಿಯಲ್ಲಿ ಮಕ್ಕಳ ಕಣ್ಣಿಗೆ ಹೊಟ್ಟು, ಕಡ್ಡಿ, ಸುಂಕು ಬಿದ್ದು ಕೆಂಪಾದರೆ ರಸ ಹಿಂಡಬೇಡಿ, ಹಾಲು ಬಿಡಬೇಡಿ, ಅಂಗಡಿಯಿಂದ ಯಾವುದೋ ಡ್ರಾಪ್ಸ್ ತಂದು ಹಾಕಬೇಡಿ. ಅಂದೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಟ್ಟು, ಆರು ತಾಸಿನೊಳಗೆ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಕನ್ನಡಕ ಹಾಕುತ್ತಿದ್ದವರ, ಪೊರೆ ತೆಗೆಸಿಕೊಂಡವರ ಕಣ್ಣೂ ನಡೆಯುತ್ತದೆ.